ಥೆರಪಿ ಶುರು ಮಾಡುವ ಮುನ್ನ: ಜನ ಕೇಳುವ, ಕೇಳಲು ಹಿಂಜರಿಯುವ ಪ್ರಶ್ನೆಗಳು

ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲವು ಪ್ರಶ್ನೆಗಳನ್ನು ಜನ ಜೋರಾಗಿಯೇ ಕೇಳುತ್ತಾರೆ: ಈ ಮಾತ್ರೆ ಊಟಕ್ಕೆ ಮೊದಲೋ, ಆಮೇಲೋ? ಇದೇ ಔಷಧ ಕಡಿಮೆ ಬೆಲೆಯಲ್ಲಿ ಸಿಗುತ್ತದೆಯೇ? ಇನ್ನು ಕೆಲವು ಪ್ರಶ್ನೆಗಳನ್ನು ಪಕ್ಕದ ಗಿರಾಕಿ ಹೋಗುವವರೆಗೆ ಕಾದು, ದನಿ ತಗ್ಗಿಸಿ ಕೇಳುತ್ತಾರೆ. ಪುಣೆಯಲ್ಲಿ ನಾನು ಕನ್ನಡದವಳೆಂದು ಗೊತ್ತಾದ ಮೇಲೆ ಒಬ್ಬ ತಾಯಿ ಹೀಗೆಯೇ ಕೇಳಿದ್ದರು: "ಮಗಳನ್ನ ಥೆರಪಿಗೆ ಕಳಸ್ರಿ ಅಂದಾರ. ಅಲ್ಲಿ ಏನ್ ಮಾಡ್ತಾರವ್ವ? ಶಾಕ್ ಗೀಕ್ ಕೊಡ್ತಾರೇನು?" ಚೀಟಿ ಬರೆಸಿಕೊಂಡು ಬಂದು ಆಗಲೇ ಎರಡು ತಿಂಗಳಾಗಿತ್ತು. ಆ ಒಂದು ಪ್ರಶ್ನೆಯನ್ನು ಯಾರಲ್ಲೂ ಕೇಳಲಾಗದೆ ಅವರು ಮಗಳನ್ನು ಕರೆದುಕೊಂಡು ಹೋಗಿರಲಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಸಮಸ್ಯೆ ಇತ್ತು. ಖಿನ್ನತೆ ಇದ್ದವರಲ್ಲಿ ಶೇ 85ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಇದಕ್ಕೆ ದುಡ್ಡು, ದೂರ, ತಜ್ಞರ ಕೊರತೆ ಹೀಗೆ ಕಾರಣಗಳು ಹಲವು. ಕೇಳದೆ ಉಳಿದ ಪ್ರಶ್ನೆಯೂ ಅವುಗಳಲ್ಲಿ ಒಂದು. ಅಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲು ಪ್ರಯತ್ನಿಸಿದ್ದೇನೆ.

ಥೆರಪಿ ಅಂದರೆ ಏನು? ಅಲ್ಲಿ ಏನು ಮಾಡುತ್ತಾರೆ?

ಈ ಲೇಖನದಲ್ಲಿ ಥೆರಪಿ ಎಂದರೆ ಮನೋಚಿಕಿತ್ಸೆ. ತರಬೇತಿ ಪಡೆದ ತಜ್ಞರ ಜೊತೆ ನಿಗದಿತ ಸಮಯಕ್ಕೆ ಕುಳಿತು, ಒಂದು ಗುರಿ ಇಟ್ಟುಕೊಂಡು, ಮಾತು ಮತ್ತು ಅಭ್ಯಾಸಗಳ ಮೂಲಕ ಮಾಡುವ ಚಿಕಿತ್ಸೆ ಇದು. ಒಂದು ಭೇಟಿ ಸಾಮಾನ್ಯವಾಗಿ 45ರಿಂದ 60 ನಿಮಿಷ ಇರುತ್ತದೆ. ಇದರಲ್ಲಿ ಶಾಕ್ ಇಲ್ಲ, ಇಂಜೆಕ್ಷನ್ ಇಲ್ಲ.

ಜನ ಶಾಕ್ ಎಂದು ಕರೆಯುವ ಇ.ಸಿ.ಟಿ. ಬೇರೆಯೇ ಚಿಕಿತ್ಸೆ. ತೀವ್ರ ಕಾಯಿಲೆ ಇರುವ ಕೆಲವರಿಗೆ ಮಾತ್ರ ಅದನ್ನು ಮನೋವೈದ್ಯರು ಆಸ್ಪತ್ರೆಯಲ್ಲಿ ಕೊಡುತ್ತಾರೆ. ಅರಿವಳಿಕೆ ಇಲ್ಲದೆ ಅದನ್ನು ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ. ಥೆರಪಿಗೂ ಅದಕ್ಕೂ ಸಂಬಂಧವಿಲ್ಲ.

"ಬರೀ ಮಾತಾಡೋಕೆ ದುಡ್ಡು ಯಾಕೆ, ಗೆಳೆಯರ ಜೊತೆ ಮಾತಾಡಿದರಾಗದೆ?" ಎಂದೂ ಕೇಳುತ್ತಾರೆ. ಗೆಳೆಯರ ಜೊತೆ ಮಾತಾಡುವುದು ಒಳ್ಳೆಯದೇ. ಥೆರಪಿಯಲ್ಲಿ ಮಾತಿನ ಜೊತೆಗೆ ವಿಧಾನವೂ ಇರುತ್ತದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಹತ್ತು ಸಲ ನೋಡಿಬರುವ ಗೀಳಿನ ಕಾಯಿಲೆ ಇರುವವರನ್ನು ತೆಗೆದುಕೊಳ್ಳಿ. ಮನೆಯವರು "ಆರಿಸಿದ್ದೀಯ, ಬಾ" ಎಂದು ಸಮಾಧಾನ ಹೇಳುತ್ತಾರೆ. ಆ ಸಮಾಧಾನ ಐದು ನಿಮಿಷ ಉಳಿಯುತ್ತದೆ, ಆಮೇಲೆ ಗೀಳು ಇನ್ನಷ್ಟು ಬಿಗಿಯಾಗುತ್ತದೆ. ಥೆರಪಿಸ್ಟ್ ಮಾಡುವುದು ಬೇರೆ: ಹತ್ತು ಸಲ ನೋಡುವುದನ್ನು ಎಂಟಕ್ಕೆ, ಐದಕ್ಕೆ, ಒಂದಕ್ಕೆ ಇಳಿಸುತ್ತ, ನೋಡದೆ ಇದ್ದಾಗ ಏಳುವ ಆತಂಕ ತಾನಾಗಿಯೇ ತಗ್ಗುವುದನ್ನು ಅನುಭವದಿಂದಲೇ ಕಲಿಸುತ್ತಾರೆ. ಇದನ್ನು ಮನೆಯಲ್ಲೂ ಅಭ್ಯಾಸ ಮಾಡಬೇಕಾಗುತ್ತದೆ.

ಇದು "ತಲೆಕೆಟ್ಟವರಿಗೆ" ಅಲ್ಲವೇ? ನನಗೆ ಅಷ್ಟೇನೂ ಆಗಿಲ್ಲ.

ಥೆರಪಿಗೆ ಹೋಗುವವರಲ್ಲಿ ಹೆಚ್ಚಿನವರು ದಿನಾ ಕೆಲಸಕ್ಕೆ ಹೋಗುವವರು, ಅಡುಗೆ ಮಾಡುವವರು, ಪರೀಕ್ಷೆಗೆ ಓದುವವರು. ಖಿನ್ನತೆ, ಆತಂಕ, ಹೆರಿಗೆಯ ನಂತರದ ಕುಗ್ಗುವಿಕೆ, ಹತ್ತಿರದವರ ಸಾವು, ಕುಡಿತ ಬಿಡುವ ಪ್ರಯತ್ನ, ಗಂಡ ಹೆಂಡಿರ ಜಗಳ ಇವೆಲ್ಲಕ್ಕೂ ಥೆರಪಿ ಇದೆ.

ಒಂದು ಅಳತೆ ಹೇಳುವುದಾದರೆ: ಎರಡು ವಾರಕ್ಕಿಂತ ಹೆಚ್ಚು ಕಾಲ, ಹೆಚ್ಚುಕಡಿಮೆ ಪ್ರತಿದಿನ, ಮನಸ್ಸು ಕುಗ್ಗಿದ್ದರೆ ಅಥವಾ ಮೊದಲು ಇಷ್ಟವಾಗುತ್ತಿದ್ದುದು ಯಾವುದೂ ಬೇಡವಾಗಿದ್ದರೆ, ಜೊತೆಗೆ ನಿದ್ದೆ, ಹಸಿವು, ಕೆಲಸ ಕೆಟ್ಟಿದ್ದರೆ, ತಜ್ಞರನ್ನು ನೋಡುವ ಸಮಯ ಬಂದಿದೆ. ಇನ್ನೂ ಕೆಡಲಿ ಎಂದು ಕಾಯಬೇಕಿಲ್ಲ.

ಇದರ ಜೊತೆಗೆ ನಿಮ್ಮ ಮಾಮೂಲಿ ಡಾಕ್ಟರನ್ನೂ ಒಮ್ಮೆ ನೋಡಿ. ಥೈರಾಯ್ಡ್ ಕಡಿಮೆಯಾದರೆ, ರಕ್ತಹೀನತೆ ಇದ್ದರೆ, ವಿಟಮಿನ್ ಬಿ12 ಕೊರತೆಯಾದರೆ ಸುಸ್ತು, ಮಂಕು, ಬೇಸರ ಬರಬಹುದು. ಥೈರಾಯ್ಡ್ ಹೆಚ್ಚಾದರೆ ಎದೆ ಬಡಿತ, ನಡುಕ, ಆತಂಕದಂಥ ಲಕ್ಷಣಗಳು ಕಾಣಬಹುದು. ಒಂದು ರಕ್ತಪರೀಕ್ಷೆಯಿಂದ ಇವು ಗೊತ್ತಾಗುತ್ತವೆ.

ಯಾರ ಹತ್ತಿರ ಹೋಗಬೇಕು? ಬೋರ್ಡುಗಳೆಲ್ಲ ಒಂದೇ ಥರ ಕಾಣುತ್ತವೆ.

ಮುಖ್ಯವಾಗಿ ಮೂರು ಬಗೆಯವರು.

- ಮನೋವೈದ್ಯರು: ಎಂ.ಬಿ.ಬಿ.ಎಸ್. ಓದಿ, ಆಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಮಾಡಿದ ಡಾಕ್ಟರು. ಕಾಯಿಲೆ ಗುರುತಿಸಿ ಔಷಧ ಬರೆಯುತ್ತಾರೆ. ಕೆಲವರು ಥೆರಪಿಯನ್ನೂ ಮಾಡುತ್ತಾರೆ.
- ಕ್ಲಿನಿಕಲ್ ಸೈಕಾಲಜಿಸ್ಟ್: ಮನಶ್ಶಾಸ್ತ್ರ ಓದಿ, ಆಸ್ಪತ್ರೆಯಲ್ಲಿ ತರಬೇತಿ ಪಡೆದವರು. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್.ಸಿ.ಐ.ನಲ್ಲಿ, ನೋಂದಣಿ ಆಗಿರಬೇಕು. ಔಷಧ ಬರೆಯುವುದಿಲ್ಲ.
- ಕೌನ್ಸೆಲರ್ ಅಥವಾ ಆಪ್ತಸಮಾಲೋಚಕರು: ಮದುವೆ, ಓದು, ಕೆಲಸ, ದುಃಖ ಇಂಥ ವಿಷಯಗಳಲ್ಲಿ ನೆರವಾಗುತ್ತಾರೆ. ಚೆನ್ನಾಗಿ ಓದಿ ತರಬೇತಿ ಪಡೆದವರಿದ್ದಾರೆ, ಕೆಲವೇ ವಾರಗಳ ಕೋರ್ಸ್ ಮಾಡಿ ಬೋರ್ಡು ಹಾಕಿದವರೂ ಇದ್ದಾರೆ.

ಆದ್ದರಿಂದ ಕೇಳಿ: "ನೀವು ಏನು ಓದಿದ್ದೀರಿ? ನೋಂದಣಿ ಸಂಖ್ಯೆ ಇದೆಯೇ? ನನ್ನಂಥ ತೊಂದರೆ ಇರುವವರನ್ನು ನೋಡಿದ್ದೀರಾ?" ಹೀಗೆ ಕೇಳುವುದು ಅವಮರ್ಯಾದೆಯಲ್ಲ. ಒಳ್ಳೆಯ ತಜ್ಞರು ಇದಕ್ಕೆ ನೇರವಾಗಿ ಉತ್ತರ ಕೊಡುತ್ತಾರೆ. ಉತ್ತರ ಕೊಡದೆ ಸಿಡುಕಿದರೆ ಬೇರೆಯವರನ್ನು ಹುಡುಕಿ.

ಕನ್ನಡದಲ್ಲೇ ಮಾತಾಡಬಹುದೇ?

ಕರ್ನಾಟಕದ ಹೊರಗಿರುವ ನಮಗೆ ಇದು ಸಣ್ಣ ಪ್ರಶ್ನೆಯಲ್ಲ. ಆಫೀಸಿಗೆ ಬೇಕಾದಷ್ಟು ಇಂಗ್ಲಿಷ್, ಬಜಾರಿಗೆ ಬೇಕಾದಷ್ಟು ಹಿಂದಿ, ಮರಾಠಿ, ತಮಿಳು, ತೆಲುಗು ನಮಗೆ ಬರುತ್ತದೆ. ಆದರೆ ಎದೆಯೊಳಗಿನದನ್ನು ಹೇಳಲು ಹೊರಟಾಗ ಮಾತು ತಡವರಿಸುತ್ತದೆ.

ಅನುವಾದ ಮಾಡುವವಳಾಗಿ ನನಗೆ ಇದರ ಕಷ್ಟ ಗೊತ್ತು. "ಸಂಕಟ ಆಗ್ತಿದೆ" ಎಂದರೆ ಹೊಟ್ಟೆ ತೊಳಸುವುದೂ ಆಗಬಹುದು, ಮನಸ್ಸಿನ ನೋವೂ ಆಗಬಹುದು. "ಬೇಜಾರು" ಎಂದರೆ ಹೊತ್ತು ಹೋಗದ ಬೇಸರ, ದುಃಖ, ಯಾರೋ ಆಡಿದ ಮಾತಿಗೆ ಆದ ನೋವು, ಮೂರೂ ಹೌದು. "ಜೀವಾನೇ ಬೇಜಾರಾಗಿದೆ" ಎಂಬ ಮಾತನ್ನು ಅನುವಾದಿಸುವಾಗ ಬರೀ "ಬೋರಾಗಿದೆ" ಎಂದುಬಿಟ್ಟರೆ, ಡಾಕ್ಟರು ಕೇಳಲೇಬೇಕಾದ ಮುಂದಿನ ಪ್ರಶ್ನೆ ತಪ್ಪಿಹೋಗುತ್ತದೆ: ಬದುಕೇ ಬೇಡ ಅನ್ನಿಸುತ್ತಿದೆಯೇ?

ಹಾಗಾಗಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕನ್ನಡ ಬಲ್ಲವರಿದ್ದಾರೆಯೇ ಎಂದು ಕೇಳಿ. ನಿಮ್ಮ ಊರಿನಲ್ಲಿ ಸಿಗದಿದ್ದರೆ, ಕರ್ನಾಟಕದಲ್ಲಿರುವ ತಜ್ಞರಲ್ಲಿ ವಿಡಿಯೊ ಮೂಲಕ ಥೆರಪಿ ಮಾಡುವವರನ್ನು ಹುಡುಕಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಇರುತ್ತದೆ, ಉಚಿತ. ಸೇವೆ ಸಿಗುವ 20 ಭಾಷೆಗಳಲ್ಲಿ ಕನ್ನಡವೂ ಒಂದು.

ಕನ್ನಡದವರು ಸಿಗದೇ ಹೋದರೆ, ಬಂದಷ್ಟು ಭಾಷೆಯಲ್ಲೇ ಶುರು ಮಾಡಿ. "ಇದನ್ನು ಮೊದಲು ಕನ್ನಡದಲ್ಲಿ ಹೇಳಿಕೊಳ್ಳುತ್ತೇನೆ, ಆಮೇಲೆ ಅರ್ಥ ಹೇಳುತ್ತೇನೆ" ಎಂದರೆ ಯಾವ ಥೆರಪಿಸ್ಟೂ ಬೇಡ ಅನ್ನುವುದಿಲ್ಲ. ಮನೆಯವರನ್ನು ದುಭಾಷಿಯಾಗಿ ಕೂರಿಸಿಕೊಳ್ಳುವಾಗ ಮಾತ್ರ ಎಚ್ಚರ ಇರಲಿ. ಸೊಸೆಯ ಬಗ್ಗೆಯೇ ನೋವಿರುವ ಅತ್ತೆಗೆ ಸೊಸೆಯೇ ದುಭಾಷಿಯಾದರೆ ಆ ಮಾತು ಹೊರಗೆ ಬರುವುದಿಲ್ಲ. ಮಕ್ಕಳನ್ನಂತೂ ಈ ಕೆಲಸಕ್ಕೆ ಹಚ್ಚಬೇಡಿ.

ಹೇಳಿದ್ದು ಮನೆಯವರಿಗೆ, ಆಫೀಸಿಗೆ ಗೊತ್ತಾಗುತ್ತದೆಯೇ?

2017ರ ಕಾಯ್ದೆ ನಿಮ್ಮ ಕಾಯಿಲೆ ಮತ್ತು ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ಆಫೀಸಿಗೆ, ನೆಂಟರಿಗೆ, ಗಂಡನಿಗೆ ಅಥವಾ ಹೆಂಡತಿಗೆ ನಿಮ್ಮ ಒಪ್ಪಿಗೆ ಇಲ್ಲದೆ ಸುಮ್ಮನೆ ಹೇಳುವಂತಿಲ್ಲ.

ಆದರೆ ಕೆಲವು ವಿನಾಯಿತಿಗಳಿವೆ. ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯವಿದ್ದರೆ, ನ್ಯಾಯಾಲಯ ಕೇಳಿದರೆ, ನಿಮ್ಮ ಆರೈಕೆಗಾಗಿ ಇನ್ನೊಬ್ಬ ವೈದ್ಯರಿಗೆ ತಿಳಿಸಬೇಕಾದರೆ, ಅಗತ್ಯವಿದ್ದಷ್ಟು ಹೇಳಬಹುದು. ಕಾಯ್ದೆಯಡಿ ನೀವು ಪ್ರತಿನಿಧಿಯನ್ನು ನೇಮಿಸಿದ್ದರೆ ಅವರಿಗೂ ಮಾಹಿತಿ ಕೊಡಬಹುದು. 18 ವರ್ಷದೊಳಗಿನವರ ಚಿಕಿತ್ಸೆಯಲ್ಲಿ ತಂದೆತಾಯಿಗೆ ಪಾತ್ರ ಇರುತ್ತದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿರುವುದು ತಿಳಿದರೆ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮೊದಲ ಭೇಟಿಯಲ್ಲೇ "ಯಾವುದು ಗುಟ್ಟಾಗಿರುತ್ತದೆ, ಯಾವುದು ಇರುವುದಿಲ್ಲ?" ಎಂದು ಕೇಳಿಕೊಳ್ಳಿ.

ಮಾತ್ರೆಯೂ ಬೇಕಾ? ಒಮ್ಮೆ ಶುರು ಮಾಡಿದರೆ ಬಿಡೋಕಾಗಲ್ಲ ಅಂತಾರಲ್ಲ?

ನನ್ನ ಕೌಂಟರಿಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಸೌಮ್ಯ ಪ್ರಮಾಣದ ಖಿನ್ನತೆ, ಆತಂಕಕ್ಕೆ ಎಷ್ಟೋ ಸಲ ಥೆರಪಿಯೇ ಸಾಕಾಗುತ್ತದೆ. ಖಿನ್ನತೆ ತೀವ್ರವಾಗಿದ್ದರೆ ಎರಡೂ ಜೊತೆಯಾಗಿ ಹೆಚ್ಚು ಕೆಲಸ ಮಾಡುತ್ತವೆ. ಬೈಪೋಲಾರ್, ಸ್ಕಿಜೋಫ್ರೇನಿಯಾ ಇದ್ದವರಿಗೆ ಔಷಧ ಮುಖ್ಯ. ಥೆರಪಿ ಶುರುವಾಯಿತೆಂದು ಅದನ್ನು ನಿಲ್ಲಿಸಬಾರದು.

"ಬಿಡೋಕಾಗಲ್ಲ" ಎಂಬ ಮಾತು ಎರಡು ಬೇರೆ ಬೇರೆ ಔಷಧಗಳನ್ನು ಒಂದೇ ಎಂದುಕೊಂಡದ್ದರಿಂದ ಹುಟ್ಟಿದೆ.

ಮೊದಲನೆಯದು ಎಸಿಟಾಲೊಪ್ರಾಮ್, ಸರ್ಟ್ರಾಲಿನ್, ಫ್ಲುಯೊಕ್ಸೆಟಿನ್‌ನಂಥ ಖಿನ್ನತೆ ಮತ್ತು ಆತಂಕದ ಮಾತ್ರೆಗಳು. ಇವು ಚಟ ಹಿಡಿಸುವುದಿಲ್ಲ. ಗುಣ ಕಾಣಲು 2ರಿಂದ 4 ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ತಲೆನೋವು, ನಿದ್ದೆಯ ವ್ಯತ್ಯಾಸ ಆಗಬಹುದು. ಅಂದರೆ ತೊಂದರೆ ಮೊದಲು ಕಾಣುತ್ತದೆ, ಗುಣ ಆಮೇಲೆ ಕಾಣುತ್ತದೆ. ಬಹಳಷ್ಟು ಜನ ಈ ನಡುವಿನ ದಿನಗಳಲ್ಲೇ ಬಿಟ್ಟುಬಿಡುತ್ತಾರೆ. ಗುಣವಾದ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಮುಂದುವರಿಸಲು ಹೇಳುತ್ತಾರೆ. ಬಿಡುವಾಗ ಡಾಕ್ಟರು ಹೇಳಿದಂತೆ ಮೆಲ್ಲಗೆ ಕಡಿಮೆ ಮಾಡಬೇಕು. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ, ನಿದ್ದೆಗೇಡು ಬರಬಹುದು. 25ರೊಳಗಿನ ವಯಸ್ಸಿನವರಲ್ಲಿ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚುವ ಸಾಧ್ಯತೆ ಇರುವುದರಿಂದ ಮನೆಯವರು ಹತ್ತಿರದಿಂದ ಗಮನಿಸಬೇಕು.

ಎರಡನೆಯದು ಆಲ್ಪ್ರಜೋಲಮ್, ಕ್ಲೋನಜೆಪಾಮ್‌ನಂಥ ಮಾತ್ರೆಗಳು. ತಕ್ಷಣ ಶಮನ ಕೊಡುತ್ತವೆ, ಆದರೆ ಹೆಚ್ಚು ದಿನ ತೆಗೆದುಕೊಂಡರೆ ಅಭ್ಯಾಸವಾಗುತ್ತವೆ. ಅದಕ್ಕೇ ಇವನ್ನು ಸಾಮಾನ್ಯವಾಗಿ ಕೆಲವೇ ವಾರಗಳಿಗೆ ಬರೆಯುತ್ತಾರೆ. ಆಲ್ಪ್ರಜೋಲಮ್ ಶೆಡ್ಯೂಲ್ ಎಚ್1 ಔಷಧ. ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ನಾವು ರಿಜಿಸ್ಟರಿನಲ್ಲಿ ಬರೆದಿಡಬೇಕು. "ನಿದ್ದೆ ಮಾತ್ರೆ ಎರಡು ಕೊಡಿ" ಎಂದಾಗ ನಾವು ಇಲ್ಲ ಅನ್ನುವುದು ಇದಕ್ಕೇ. ಇವನ್ನು ಮದ್ಯದ ಜೊತೆ ತೆಗೆದುಕೊಂಡರೆ ಉಸಿರಾಟಕ್ಕೇ ಅಪಾಯ. ತಿಂಗಳುಗಟ್ಟಲೆ ತೆಗೆದುಕೊಂಡವರು ತಾವಾಗಿ ಒಮ್ಮೆಲೇ ನಿಲ್ಲಿಸುವುದೂ ಅಪಾಯವೇ, ಫಿಟ್ಸ್ ಬರಬಹುದು.

ಬಿ.ಪಿ., ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ನೋವಿನ ಮಾತ್ರೆ, ಆಯುರ್ವೇದದ ಪುಡಿ ಹೀಗೆ ತೆಗೆದುಕೊಳ್ಳುತ್ತಿರುವ ಎಲ್ಲವನ್ನೂ ಮನೋವೈದ್ಯರಿಗೆ ಹೇಳಿ. ಗರ್ಭಿಣಿಯಾಗಿದ್ದರೆ, ಹಾಲೂಡಿಸುತ್ತಿದ್ದರೆ ಅದನ್ನೂ ಹೇಳಿ.

ಎಷ್ಟು ದಿನ ಹಿಡಿಯುತ್ತದೆ? ಖರ್ಚು ಎಷ್ಟು?

ಯೋಚನೆ ಮತ್ತು ನಡವಳಿಕೆಯನ್ನು ಬದಲಿಸುವ ಸಿ.ಬಿ.ಟಿ. ಎಂಬ ಥೆರಪಿಗೆ ಸಾಮಾನ್ಯವಾಗಿ 6ರಿಂದ 20 ಭೇಟಿಗಳು ಬೇಕು, ಹೆಚ್ಚಾಗಿ ವಾರಕ್ಕೊಂದು. ಹಳೆಯ, ಆಳವಾದ ನೋವುಗಳಿಗೆ ಇನ್ನೂ ಹೆಚ್ಚು ಕಾಲ ಹಿಡಿಯಬಹುದು. ಮೊದಲ ಕೆಲವು ಭೇಟಿಗಳ ನಂತರ ಮನಸ್ಸು ಇನ್ನಷ್ಟು ಕಲಕಿದಂತೆ ಅನ್ನಿಸುವುದುಂಟು. ಹಾಗಾದರೆ ಅದನ್ನೇ ಥೆರಪಿಸ್ಟರಿಗೆ ಹೇಳಿ.

ಖಾಸಗಿಯಲ್ಲಿ ಶುಲ್ಕ ಊರಿಂದ ಊರಿಗೆ, ತಜ್ಞರಿಂದ ತಜ್ಞರಿಗೆ ಬದಲಾಗುತ್ತದೆ. ಮೊದಲೇ ಕೇಳಿ, ರಿಯಾಯಿತಿ ಇದೆಯೇ ಎಂದೂ ಕೇಳಿ. ಭೇಟಿ ರದ್ದು ಮಾಡಿದರೆ ದುಡ್ಡು ಕೊಡಬೇಕೇ ಎಂಬುದನ್ನೂ ತಿಳಿದುಕೊಳ್ಳಿ. ಸರ್ಕಾರಿ ವ್ಯವಸ್ಥೆಯಲ್ಲಿ ಖರ್ಚು ಬಹಳ ಕಡಿಮೆ. ದೆಹಲಿಯ ದಿಲ್ಶಾದ್ ಗಾರ್ಡನ್‌ನಲ್ಲಿ ಇಹಬಾಸ್, ಚೆನ್ನೈನ ಕೀಲ್ಪಾಕ್‌ನಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ, ಹೈದರಾಬಾದಿನ ಎರ್ರಗಡ್ಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ, ಪುಣೆಯ ಯರವಡಾದಲ್ಲಿ ಪ್ರಾದೇಶಿಕ ಮನೋರುಗ್ಣಾಲಯ, ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇವೆ. ಸರತಿ ಉದ್ದವಿರುತ್ತದೆ, ಬೆಳಿಗ್ಗೆ ಬೇಗ ಹೋಗಿ.

ದೇಹದ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಇರಬೇಕೆಂದು 2017ರ ಕಾಯ್ದೆ ಹೇಳುತ್ತದೆ. ಆದರೆ ಬಹಳಷ್ಟು ಪಾಲಿಸಿಗಳು ಆಸ್ಪತ್ರೆಗೆ ದಾಖಲಾದ ಖರ್ಚನ್ನಷ್ಟೇ ಕೊಡುತ್ತವೆ. ಹೊರರೋಗಿಯಾಗಿ ಪಡೆಯುವ ಥೆರಪಿಯ ಖರ್ಚು ಸಿಗುತ್ತದೆಯೇ ಎಂದು ನಿಮ್ಮ ಪಾಲಿಸಿಯಲ್ಲಿ ನೋಡಿ. ಕೆಲಸ ಮಾಡುವ ಕಂಪನಿಯಲ್ಲಿ ಉಚಿತ ಆಪ್ತಸಮಾಲೋಚನೆ ಇದೆಯೇ ಎಂದೂ ವಿಚಾರಿಸಿ.

ಮೊದಲ ದಿನ ಏನಾಗುತ್ತದೆ? ಎಲ್ಲವನ್ನೂ ಹೇಳಲೇಬೇಕೇ?

ಮೊದಲ ಭೇಟಿಯಲ್ಲಿ ಹೆಚ್ಚಾಗಿ ಅವರೇ ಕೇಳುತ್ತಾರೆ: ಏನು ತೊಂದರೆ, ಯಾವಾಗಿನಿಂದ, ನಿದ್ದೆ ಹೇಗೆ, ಮನೆಯಲ್ಲಿ ಯಾರಿದ್ದಾರೆ, ಕುಡಿತ ಇದೆಯೇ, ಸಾಯುವ ಯೋಚನೆ ಬಂದಿತ್ತೇ. ಕೊನೆಯ ಪ್ರಶ್ನೆ ಎಲ್ಲರಿಗೂ ಕೇಳುವಂಥದ್ದು, ಗಾಬರಿ ಬೇಡ. ನಿಜವನ್ನೇ ಹೇಳಿ.

ಉಳಿದದ್ದನ್ನು ಒಂದೇ ದಿನ ಹೇಳಿ ಮುಗಿಸಬೇಕಿಲ್ಲ. "ಇದರ ಬಗ್ಗೆ ಈಗ ಬೇಡ" ಎಂದರೆ ಸಾಕು. ಮೊದಲ ಭೇಟಿಗೆ ಹೋದ ಮಾತ್ರಕ್ಕೆ ಮುಂದುವರಿಸಲೇಬೇಕೆಂದೂ ಇಲ್ಲ. ಅವರು ನಿಮ್ಮನ್ನು ಅರಿಯುವಷ್ಟೇ ನೀವೂ ಅವರನ್ನು ಅಳೆಯುವ ದಿನ ಅದು. ಮೂರು ನಾಲ್ಕು ಭೇಟಿಗಳಾದರೂ ಹೊಂದಿಕೆಯಾಗದಿದ್ದರೆ ನೇರವಾಗಿ ಹೇಳಿ, ಬೇರೆಯವರ ಹೆಸರು ಕೇಳಿ. ನಿಮ್ಮ ಜಾತಿ, ಧರ್ಮ, ಮದುವೆಯ ಬಗ್ಗೆ ಹೀಯಾಳಿಸುವವರು, ಮೈಮುಟ್ಟಿ ಸಲಿಗೆ ತೋರುವವರು, ಖಂಡಿತ ಗುಣ ಮಾಡುತ್ತೇನೆಂದು ಭರವಸೆ ಕೊಡುವವರು, ಮನೋವೈದ್ಯರ ಮಾತ್ರೆಯನ್ನು ನಿಲ್ಲಿಸಿ ಎನ್ನುವವರ ಬಳಿ ಮತ್ತೆ ಹೋಗಬೇಡಿ.

ಮನೆಯವರು ಏನು ಮಾಡಬೇಕು?

ಕರೆದುಕೊಂಡು ಹೋಗಿ, ಹೊರಗೆ ಕುಳಿತಿರಿ. ಬಂದ ಮೇಲೆ "ಏನ್ ಹೇಳಿದ್ರು? ನನ್ನ ಬಗ್ಗೆ ಏನ್ ಹೇಳಿದೆ?" ಎಂದು ವಿಚಾರಣೆ ಮಾಡಬೇಡಿ. "ಚಹಾ ಕುಡಿಯೋಣ್ವಾ?" ಎಂದರೆ ಸಾಕು. "ಮನಸ್ಸು ಗಟ್ಟಿ ಮಾಡ್ಕೊ" ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ, ಆದರೆ ಕೇಳುವವರಿಗೆ ಅದು ತಪ್ಪೆಲ್ಲ ತಮ್ಮದೇ ಎಂಬಂತೆ ಕೇಳಿಸುತ್ತದೆ. ಮಾತ್ರೆ ಇದ್ದರೆ ತಪ್ಪದಂತೆ ನೋಡಿಕೊಳ್ಳಿ.

ಯಾರಾದರೂ ಸಾಯುವ ಮಾತಾಡಿದರೆ ಅದನ್ನು ನಾಟಕ ಅನ್ನಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ಕೀಟನಾಶಕಗಳನ್ನು ಕೈಗೆ ಸಿಗದಂತೆ ಬೀಗ ಹಾಕಿಡಿ. ಕೂಡಲೇ 14416ಕ್ಕೆ ಕರೆ ಮಾಡಿ. ಜೀವಕ್ಕೆ ಅಪಾಯವೆನ್ನಿಸಿದರೆ 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಇಂಥ ಹೊತ್ತಿನಲ್ಲಿ ಥೆರಪಿ ಅಪಾಯಿಂಟ್‌ಮೆಂಟಿಗೆ ಕಾಯಬಾರದು.

ಹೋಗುವ ಮುನ್ನ ಒಂದು ಚೀಟಿ

ಮನೆಯಲ್ಲೇ ಕುಳಿತು ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ:

- ಮುಖ್ಯವಾಗಿ ಏನು ತೊಂದರೆ, ಯಾವಾಗಿನಿಂದ. ಕನ್ನಡದಲ್ಲೇ, ನಿಮ್ಮ ಮಾತಿನಲ್ಲೇ.
- ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ಹೆಸರು, ಅಥವಾ ಖಾಲಿ ಪಟ್ಟಿಗಳು.
- ಏನು ಬದಲಾದರೆ "ಈಗ ಪರವಾಗಿಲ್ಲ" ಅನ್ನುತ್ತೀರಿ. ಉದಾಹರಣೆಗೆ: ರಾತ್ರಿ ನಿದ್ದೆ ಬರಬೇಕು, ಲೋಕಲ್ ಟ್ರೇನಿನಲ್ಲಿ ಹೆದರಿಕೆಯಿಲ್ಲದೆ ಓಡಾಡಬೇಕು.
- ನೀವು ಕೇಳಬೇಕಾದ ಪ್ರಶ್ನೆಗಳು: ಓದು ಮತ್ತು ನೋಂದಣಿ, ಭಾಷೆ, ಗುಟ್ಟು, ಎಷ್ಟು ಭೇಟಿ, ಎಷ್ಟು ಶುಲ್ಕ.

ಮೊದಲು ಹೇಳಿದ ಆ ತಾಯಿಗೂ ನಾನು ಮಾತ್ರೆಯ ಕವರಿನ ಹಿಂದೆ ಇದನ್ನೇ ಬರೆದುಕೊಟ್ಟಿದ್ದೆ. ಓದಿ, ಮಡಚಿ ಪರ್ಸಿನಲ್ಲಿಟ್ಟುಕೊಂಡು, "ಶಾಕ್ ಇಲ್ಲಲ್ಲ, ಅಷ್ಟಾದ್ರ ಸಾಕು" ಎಂದು ಹೊರಟರು. ನಿಮ್ಮ ಪ್ರಶ್ನೆ ಇದಕ್ಕಿಂತ ಬೇರೆಯಿರಬಹುದು. ಅದನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಮೊದಲು ಅದನ್ನೇ ಕೇಳಿ.

ಈ ಲೇಖನ ಸಾಮಾನ್ಯ ಮಾಹಿತಿಗಾಗಿ. ಔಷಧ ಶುರು ಮಾಡುವ, ಬದಲಿಸುವ ಅಥವಾ ನಿಲ್ಲಿಸುವ ಮುನ್ನ ನಿಮ್ಮ ಡಾಕ್ಟರನ್ನು ಕೇಳಿ.